ಪುಟದ ಮೊದಲ ಜಾಗ ಯಾರಿಗೆ?

ವೆಬ್ ಪುಟಗಳನ್ನು ಬರೆಯುವ ಎಚ್‌ಟಿಎಂಎಲ್ ಭಾಷೆಯ ನಿಯಮಾವಳಿಯಲ್ಲಿ ಒಂದು ಸಣ್ಣ ಕಟ್ಟಳೆ ಇದೆ. ಪುಟದ ಮುಖ್ಯ ಭಾಗವನ್ನು ಗುರುತಿಸುವ ‘ಮೇನ್’ ಟ್ಯಾಗ್ ಒಂದು ಪುಟದಲ್ಲಿ ಕಣ್ಣಿಗೆ ಕಾಣುವಂತೆ ಒಂದೇ ಇರಬೇಕು, ಎರಡು ಕೂಡದು. ಹೆಡರ್, ಫುಟರ್, ಮೆನು, ಸೈಡ್‌ಬಾರ್ ಎಲ್ಲಕ್ಕೂ ಬೇರೆ ಟ್ಯಾಗ್‌ಗಳುಂಟು. ಸೀರೆ ಅಂಗಡಿಗೋ ಬಸ್ ಟಿಕೆಟ್ಟಿಗೋ ವೆಬ್‌ಸೈಟ್ ಮಾಡುವವರು ಈ ನಿಯಮವನ್ನು ಓದಿ ಮುಂದೆ ಹೋಗುತ್ತಾರೆ. ಅಲ್ಲಿ ಸೀರೆಯೇ ಮುಖ್ಯ, ಟಿಕೆಟ್ಟೇ ಮುಖ್ಯ. ಭಗವದ್ಗೀತೆಗೆ ಒಂದು ತಾಣ ಕಟ್ಟಲು ಕೂತವರು ಮಾತ್ರ ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕಾಗುತ್ತದೆ. ಶ್ಲೋಕ ಮುಖ್ಯವೋ, ಭಾಷ್ಯ ಮುಖ್ಯವೋ?

ಶ್ಲೋಕ ಎಂದು ಥಟ್ಟನೆ ಹೇಳಿಬಿಡಬಹುದು. ಆದರೆ ಗುರುವಿಲ್ಲದೆ, ಭಾಷ್ಯವಿಲ್ಲದೆ ಮೂಲಕ್ಕೆ ಕೈಹಾಕುವುದೇ ತಪ್ಪು ಎಂದು ನೂರಾರು ವರ್ಷ ಪಾಠ ಹೇಳಿಕೊಂಡು ಬಂದ ಪರಂಪರೆಗಳಿಗೆ ಆ ಉತ್ತರ ಒಪ್ಪಿಗೆಯಾಗದು. ಭಾಷ್ಯವನ್ನು ಪಕ್ಕದ ಪಟ್ಟಿಗೆ ತಳ್ಳಿದರೆ ಅದು ಇದ್ದರೂ ಸರಿ ಇಲ್ಲದಿದ್ದರೂ ಸರಿ ಎಂದಂತೆ. ಇದು ಬರೀ ಅಲಂಕಾರದ ಮಾತೂ ಅಲ್ಲ. ಕಣ್ಣು ಕಾಣದವರು ಬಳಸುವ ಸ್ಕ್ರೀನ್ ರೀಡರ್ ತಂತ್ರಾಂಶ ಮುಖ್ಯ ಭಾಗಕ್ಕೆ ನೇರ ಜಿಗಿಯುವ ಸೌಲಭ್ಯ ಕೊಡುತ್ತದೆ. ಪಕ್ಕದ ಪಟ್ಟಿಯನ್ನು ‘ಪೂರಕ’ ಎಂದು ಘೋಷಿಸುತ್ತದೆ. ಯಾವ ಪೀಠವೂ ತನ್ನ ಆಚಾರ್ಯರ ಭಾಷ್ಯಕ್ಕೆ ಪೂರಕ ಎಂಬ ಹಣೆಪಟ್ಟಿಯನ್ನು ಒಪ್ಪಲಿಕ್ಕಿಲ್ಲ. ಲೇಔಟ್ ಎಂದು ನಾವು ಕರೆಯುವುದು ಇಂಥ ಕಡೆ ಪ್ರಮಾಣದ ಪ್ರಶ್ನೆಯಾಗುತ್ತದೆ. ಯಾವುದು ಪ್ರಮಾಣ, ಯಾರ ಮಾತು ಯಾರಿಗೆ ಅಧೀನ ಎಂಬುದನ್ನು ಡಿಸೈನರ್ ತನಗೆ ಗೊತ್ತಿದ್ದೋ ಗೊತ್ತಿಲ್ಲದೆಯೋ ತೀರ್ಮಾನಿಸಿರುತ್ತಾನೆ.

ಹಳೆಯ ಲಿಪಿಕಾರರು ಇದನ್ನು ಗೊತ್ತಿದ್ದೇ ತೀರ್ಮಾನಿಸುತ್ತಿದ್ದರು. ಕಾಗದದ ಸಂಸ್ಕೃತ ಹಸ್ತಪ್ರತಿಗಳಲ್ಲಿ ‘ತ್ರಿಪಾಠ’ ಎಂಬ ವಿನ್ಯಾಸವಿದೆ. ಹಾಳೆಯ ನಡುಭಾಗದಲ್ಲಿ ದಪ್ಪ ಅಕ್ಷರದ ಮೂಲ, ಅದರ ಮೇಲೂ ಕೆಳಗೂ ಸಣ್ಣ ಅಕ್ಷರದ ಟೀಕೆ. ಎಡಬಲದ ಅಂಚುಗಳಿಗೂ ಟೀಕೆ ಹರಿದರೆ ಅದು ‘ಪಂಚಪಾಠ’. ಟೀಕೆ ಉದ್ದವಾದಷ್ಟೂ ನಡುವಿನ ಮೂಲ ಕುಗ್ಗುತ್ತದೆ. ಕೆಲವು ಹಾಳೆಗಳಲ್ಲಿ ಮಧ್ಯೆ ಒಂದೋ ಎರಡೋ ಸಾಲು ಮಾತ್ರ ಉಳಿದು ಸುತ್ತಲೂ ಟೀಕೆಯ ಇರುವೆಸಾಲು ಮುತ್ತಿಕೊಂಡಿರುತ್ತದೆ. ಆದರೂ ಅಕ್ಷರದ ಗಾತ್ರ, ನಡುವಿನ ಜಾಗ ಎರಡೂ ಮೂಲದ ಪಾಲಿಗೇ. ಟೀಕೆಗೆ ಸಿಕ್ಕಿದ್ದು ವಿಸ್ತಾರ.

ತಾಳೆಗರಿಯ ಸಂಗತಿಯೇ ಬೇರೆ. ಉದ್ದವಾಗಿ ಇಕ್ಕಟ್ಟಾಗಿರುವ ಗರಿಯಲ್ಲಿ ಮೂಲಕ್ಕೆ ಪ್ರತ್ಯೇಕ ಅಂಕಣ ಕೊಡುವುದು ಸುಲಭವಲ್ಲ. ಸಾಮಾನ್ಯವಾಗಿ ಶ್ಲೋಕದ ಮೊದಲ ಒಂದೆರಡು ಪದವನ್ನಷ್ಟೇ ಎತ್ತಿಕೊಂಡು ವ್ಯಾಖ್ಯಾನ ಓಡುತ್ತದೆ. ಮೂಲ ಓದುಗನ ಬಾಯಲ್ಲಿರುತ್ತದೆ ಎಂಬ ನಂಬಿಕೆ. ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಹಳಗನ್ನಡ ಲಿಪಿಯ ತಾಳೆಗರಿಗಳಲ್ಲಿ ಉಳಿದುಬಂದ ದಿಗಂಬರ ಜೈನರ ಷಟ್ಖಂಡಾಗಮದ್ದು ಇನ್ನೂ ವಿಚಿತ್ರ. ಅದರ ಮೊದಲ ಐದು ಖಂಡಗಳ ಸೂತ್ರಗಳು ನಮಗೆ ದಕ್ಕಿರುವುದೇ ವೀರಸೇನಾಚಾರ್ಯರ ‘ಧವಲಾ’ ಟೀಕೆಯ ಒಡಲಿನಿಂದ. ಟೀಕೆ ಉಳಿದದ್ದರಿಂದ ಮೂಲ ಉಳಿಯಿತು. ಶತಮಾನಗಳ ಕಾಲ ದರ್ಶನಕ್ಕಷ್ಟೇ ಹೊರಬರುತ್ತಿದ್ದ ಆ ಗ್ರಂಥ 1939ರಿಂದ ಹೀರಾಲಾಲ್ ಜೈನ್ ಅವರ ಸಂಪಾದಕತ್ವದಲ್ಲಿ ಅಚ್ಚಾಗತೊಡಗಿದಾಗ ಸೂತ್ರ ಯಾವುದು, ಟೀಕೆ ಯಾವುದು ಎಂದು ಬಿಡಿಸಿ ತೋರಿಸುವುದು ಸಂಪಾದಕರ ಕೆಲಸವಾಯಿತು. ಇಂಥ ಗ್ರಂಥದ ವೆಬ್ ಪುಟದಲ್ಲಿ ‘ಮೇನ್’ ಯಾವುದು?

ಗೀತೆಗೇ ಮರಳೋಣ. ಕಾನ್ಪುರದ ಐಐಟಿ ರೂಪಿಸಿದ ‘ಗೀತಾ ಸೂಪರ್‌ಸೈಟ್’ ಈ ಕ್ಷೇತ್ರದ ಹಿರಿಯ ತಾಣಗಳಲ್ಲಿ ಒಂದು. ಅಧ್ಯಾಯ, ಶ್ಲೋಕ ಆರಿಸಿಕೊಂಡು ಯಾವ ಲಿಪಿಯಲ್ಲಿ ಬೇಕು, ಯಾರ ಯಾರ ವ್ಯಾಖ್ಯಾನ ಬೇಕು ಎಂದು ಚೌಕಗಳಲ್ಲಿ ಟಿಕ್ ಹಾಕಿದರೆ ಶ್ಲೋಕದ ಕೆಳಗೆ ಅವು ಸಾಲಾಗಿ ಬಂದು ನಿಲ್ಲುತ್ತವೆ. ಕನ್ನಡ ಲಿಪಿಯೂ ಉಂಟು. ಗ್ರಂಥಾಲಯದಲ್ಲಿ ಹತ್ತು ಸಂಪುಟ ಹರಡಿಕೊಂಡು ಕೂರಬೇಕಿದ್ದವರಿಗೆ ಇದು ದೊಡ್ಡ ಉಪಕಾರ, ಸಂಶಯವಿಲ್ಲ. ಆದರೆ ಮೊದಲ ಅಧ್ಯಾಯದ ಯಾವುದೇ ಶ್ಲೋಕ ತೆರೆದು ಶಂಕರಭಾಷ್ಯಕ್ಕೆ ಟಿಕ್ ಹಾಕಿದರೆ ಅಲ್ಲಿ ಶಂಕರರು ಈ ಶ್ಲೋಕಕ್ಕೆ ವ್ಯಾಖ್ಯಾನ ಬರೆದಿಲ್ಲ ಎಂಬರ್ಥದ ಒಂದು ಸೂಚನೆ ಮಾತ್ರ ಸಿಗುತ್ತದೆ. ಒಂದು ಶ್ಲೋಕಕ್ಕೆ ಒಂದು ಪೆಟ್ಟಿಗೆ ಎಂಬ ಟೆಂಪ್ಲೇಟ್ ಮೊದಲೇ ಸಿದ್ಧವಾಗಿರುವುದರಿಂದ ಪೆಟ್ಟಿಗೆಯನ್ನು ಏನಾದರೂ ಹಾಕಿ ತುಂಬಬೇಕು.

ಸೂಚನೆ ಸುಳ್ಳೇನಲ್ಲ, ಆದರೆ ಪೂರ್ತಿ ನಿಜವೂ ಅಲ್ಲ. ಶಂಕರರ ಬಿಡಿಬಿಡಿ ವ್ಯಾಖ್ಯಾನ ಶುರುವಾಗುವುದು ಎರಡನೆಯ ಅಧ್ಯಾಯದಲ್ಲಿ, ಕೃಷ್ಣ ಉಪದೇಶಕ್ಕೆ ಬಾಯಿ ತೆರೆಯುವ ಹೊತ್ತಿಗೆ. ಅಲ್ಲಿಗೆ ಬಂದಾಗ ಅವರು ಹಿಂದಿನ ಭಾಗವನ್ನು ಮರೆಯುವುದಿಲ್ಲ. ಸೈನ್ಯವನ್ನು ಕಂಡದ್ದರಿಂದ ಹಿಡಿದು ಅರ್ಜುನ ಸುಮ್ಮನಾಗುವವರೆಗಿನ ಇಡೀ ಭಾಗ ಜೀವಿಗಳ ಶೋಕಮೋಹಗಳಿಗೆ, ಅದರಿಂದ ಸಂಸಾರಕ್ಕೆ, ಕಾರಣವೇನೆಂದು ತೋರಿಸಲು ಇದೆ ಎಂದು ಒಟ್ಟಾಗಿ ಹೇಳಿ ಮುಗಿಸುತ್ತಾರೆ. ಅಂದರೆ ಶಂಕರರ ಲೆಕ್ಕದಲ್ಲಿ ಅದೆಲ್ಲ ಒಂದೇ ಘಟಕ. ರಥ, ಶಂಖ, ಬಿಲ್ಲು, ಕಣ್ಣೀರು ಎಲ್ಲವೂ ಸೇರಿ ಒಂದು ಮಾತು. ಒಂದು ಶ್ಲೋಕ, ಒಂದು ಪೆಟ್ಟಿಗೆ ಎಂಬ ಚೌಕಟ್ಟು ಆ ದೃಷ್ಟಿಯನ್ನು ಹಿಡಿಯಲಾರದೆ ಅದನ್ನು ಮೌನ ಎಂದು ದಾಖಲಿಸಿಬಿಟ್ಟಿತು. ಭಾಷ್ಯಕಾರ ಎಲ್ಲಿ ಎಷ್ಟು ದೊಡ್ಡ ತುಂಡನ್ನು ಕೈಗೆತ್ತಿಕೊಳ್ಳುತ್ತಾನೆ ಎಂಬುದೇ ಅವನ ವ್ಯಾಖ್ಯಾನದ ಅರ್ಧ ಭಾಗ. ಮಧ್ವರ ವಿಷಯದಲ್ಲಿ ತೊಡಕು ಇನ್ನೊಂದು ಬಗೆಯದು: ಅವರು ಗೀತೆಗೆ ‘ಗೀತಾಭಾಷ್ಯ’, ‘ಗೀತಾತಾತ್ಪರ್ಯ’ ಎಂದು ಎರಡು ಗ್ರಂಥ ಬರೆದಿದ್ದಾರೆ. ಆಚಾರ್ಯರಿಗೊಂದೊಂದು ಅಂಕಣ ಎಂದು ಹೊರಟವರು ಇಲ್ಲಿ ತಲೆ ಕೆರೆದುಕೊಳ್ಳಬೇಕು.

ಇನ್ನು ಅಂಕಣಗಳ ಸಾಲು. ಶಂಕರ, ರಾಮಾನುಜ, ಮಧ್ವ ಮೂವರನ್ನೂ ಅಕ್ಕಪಕ್ಕ ಮೂರು ಕಾಲಂಗಳಲ್ಲಿ ಸಮಾನವಾಗಿ ಕೂರಿಸಿದರೆ ಪಕ್ಷಪಾತವೇ ಇರದಲ್ಲ ಎನ್ನಿಸುವುದು ಸಹಜ. ಶೃಂಗೇರಿ, ಮೇಲುಕೋಟೆ, ಉಡುಪಿ ಮೂರೂ ಇರುವ ಕರ್ನಾಟಕದಲ್ಲಿ ಇದಕ್ಕಿಂತ ಒಳ್ಳೆಯ ವ್ಯವಸ್ಥೆ ಬೇರೇನಿದೆ? ಕಂಪ್ಯೂಟರಿನ ಅಗಲ ಪರದೆಯಲ್ಲಿ ಈ ಸಮಾನತೆ ಚೆನ್ನಾಗಿಯೇ ಕಾಣುತ್ತದೆ. ಅದೇ ಪುಟವನ್ನು ಮೊಬೈಲಿನಲ್ಲಿ ತೆರೆದಾಗ ಸಮಾನತೆ ಕುಸಿಯುತ್ತದೆ. 2010ರಲ್ಲಿ ಈಥನ್ ಮಾರ್ಕಾಟ್ ‘ರೆಸ್ಪಾನ್ಸಿವ್ ವೆಬ್ ಡಿಸೈನ್’ ಎಂದು ಹೆಸರಿಟ್ಟ ವಿಧಾನ ಇಂದು ಎಲ್ಲೆಡೆ ರೂಢಿಯಲ್ಲಿದೆ. ಪರದೆ ಕಿರಿದಾದಾಗ ಪಕ್ಕದ ಕಾಲಂಗಳು ಒಂದರ ಕೆಳಗೊಂದು ಇಳಿದು ನಿಲ್ಲುತ್ತವೆ. ಬೇರೆ ಹೇಳದಿದ್ದರೆ, ಕೋಡ್‌ನಲ್ಲಿ ಮೊದಲು ಬರೆದದ್ದು ಮೇಲೆ, ಕೊನೆಗೆ ಬರೆದದ್ದು ಕೆಳಗೆ. ಶಂಕರಭಾಷ್ಯ ಐದಾರು ಸಲ ಬೆರಳಾಡಿಸುವಷ್ಟು ಉದ್ದವಿದ್ದರೆ ಮಧ್ವರನ್ನು ತಲುಪುವ ಹೊತ್ತಿಗೆ ಓದುಗನಿಗೆ ವಾಟ್ಸ್ಆ್ಯಪ್ ಕರೆ ಬಂದಿರುತ್ತದೆ. ಸ್ಕ್ರೀನ್ ರೀಡರ್ ಬಳಸುವವರಿಗಂತೂ ಅಗಲ ಪರದೆಯಲ್ಲೂ ಇದೇ ಕ್ರಮ. ಸಮಾನತೆ ಕಣ್ಣಿಗೆ ಮಾತ್ರ, ಕಿವಿಗಿಲ್ಲ. ಕೋಡ್‌ನಲ್ಲಿ ಯಾರಾದರೂ ಒಬ್ಬರು ಮೊದಲು ಬರಲೇಬೇಕು.

ಕಾಲಾನುಕ್ರಮ ಇಟ್ಟುಕೊಂಡರಾಯಿತು ಎನ್ನಬಹುದು. ಶಂಕರ, ಆಮೇಲೆ ರಾಮಾನುಜ, ಆಮೇಲೆ ಮಧ್ವ. ಆದರೆ ಆ ಕ್ರಮದಲ್ಲಿ ಓದಿದವನಿಗೆ ಶಂಕರರದು ಮೊದಲ ಅರ್ಥ, ಉಳಿದವರದು ಅದಕ್ಕೆ ತಕರಾರು ಎನ್ನಿಸುತ್ತದೆ. ತಮ್ಮದು ಹೊಸ ಮಾತಲ್ಲ, ಪ್ರಾಚೀನ ಸಂಪ್ರದಾಯದ್ದೇ ಅರ್ಥ ಎಂಬುದು ಶ್ರೀವೈಷ್ಣವರ ನಿಲುವು, ಮಾಧ್ವರೂ ಹಾಗೆಯೇ. ಸರಿ, ಅಕಾರಾದಿ ಮಾಡೋಣ, ಅದರಲ್ಲಿ ಯಾರ ಕೈವಾಡವೂ ಇಲ್ಲ. ಕನ್ನಡ ವರ್ಣಮಾಲೆಯಲ್ಲಿ ಮ, ರ, ಶ ಎಂದು ಬರುತ್ತದೆ. ಮಧ್ವ, ರಾಮಾನುಜ, ಶಂಕರ. ಕಾಲಾನುಕ್ರಮ ತಲೆಕೆಳಗಾಗಿ ನಿಂತಿತು! ಮಧ್ವರನ್ನು ಅವರ ಇನ್ನೊಂದು ಹೆಸರಾದ ಆನಂದತೀರ್ಥ ಎಂದು ಬರೆದರೂ ಮೊದಲ ಸ್ಥಾನ ತಪ್ಪುವುದಿಲ್ಲ. ಪುಟ ತೆರೆದಾಗಲೆಲ್ಲ ಕ್ರಮವನ್ನು ಚೀಟಿ ಎತ್ತಿದಂತೆ ಬದಲಿಸುವ ಉಪಾಯವೂ ಇದೆ. ಆಗ ನಿನ್ನೆ ಓದಿದ್ದು ಇವತ್ತು ಅದೇ ಜಾಗದಲ್ಲಿ ಸಿಗುವುದಿಲ್ಲ ಎಂದು ಓದುಗ ಬೈದುಕೊಳ್ಳುತ್ತಾನೆ.

ಕ್ರಮವೇ ವಾದ ಎಂಬುದು ವಿಜಯನಗರ ಕಾಲದವರಿಗೆ ಚೆನ್ನಾಗಿ ಗೊತ್ತಿತ್ತು. 14ನೇ ಶತಮಾನದ ‘ಸರ್ವದರ್ಶನಸಂಗ್ರಹ’, ವಿದ್ಯಾರಣ್ಯರ ಹೆಸರಿನೊಂದಿಗೆ ಪರಂಪರೆ ಸೇರಿಸಿಕೊಂಡಿರುವ ಗ್ರಂಥ, ಹದಿನಾರು ದರ್ಶನಗಳನ್ನು ಮೆಟ್ಟಿಲಿನಂತೆ ಜೋಡಿಸುತ್ತದೆ. ತಳದಲ್ಲಿ ಚಾರ್ವಾಕ, ಅದರ ಮೇಲೆ ಬೌದ್ಧ, ಆಮೇಲೆ ಜೈನ. ನಾಲ್ಕನೆಯದು ರಾಮಾನುಜ ದರ್ಶನ, ಐದನೆಯದು ಪೂರ್ಣಪ್ರಜ್ಞ ಅಂದರೆ ಮಧ್ವ ದರ್ಶನ. ತುದಿಯಲ್ಲಿ ಹದಿನಾರನೆಯದಾಗಿ ಶಾಂಕರ ದರ್ಶನ. ಪಾದರಸವನ್ನು ಸಂಸ್ಕರಿಸಿ ದೇಹವನ್ನು ಅಮರವಾಗಿಸಬಹುದು ಎನ್ನುವ ರಸೇಶ್ವರ ದರ್ಶನಕ್ಕೆ ಒಂಬತ್ತನೆಯ ಜಾಗ, ವ್ಯಾಕರಣಕ್ಕೆ ಹದಿಮೂರನೆಯದು. ರಸವಾದಿಗಳು, ವೈಯಾಕರಣರು ಎಲ್ಲರೂ ರಾಮಾನುಜ, ಮಧ್ವರಿಗಿಂತ ಮೇಲಿನ ಮೆಟ್ಟಿಲಲ್ಲಿ! ಗ್ರಂಥದ ಒಳಗೆ ಪ್ರತಿ ದರ್ಶನವನ್ನೂ ಆಯಾ ದರ್ಶನದವರೇ ಹೇಳಿಕೊಂಡಂತೆ ಸಾಕಷ್ಟು ನಿಷ್ಠೆಯಿಂದ ನಿರೂಪಿಸಲಾಗಿದೆ. ತೀರ್ಪು ಇರುವುದು ವಾಕ್ಯಗಳಲ್ಲಿ ಅಷ್ಟಲ್ಲ, ವಿಷಯಾನುಕ್ರಮಣಿಕೆಯಲ್ಲಿ.

ಇದಕ್ಕೆ ಎದುರಾಗಿ ಇನ್ನೊಂದು ಮಾದರಿ ಅದಕ್ಕೂ ಕೆಲವು ಶತಮಾನ ಹಿಂದೆಯೇ ಇತ್ತು. ಜೈನ ವಿದ್ವಾಂಸ ಹರಿಭದ್ರಸೂರಿಯ ‘ಷಡ್ದರ್ಶನಸಮುಚ್ಚಯ’ 87 ಶ್ಲೋಕಗಳ ಪುಟ್ಟ ಗ್ರಂಥ. ಬೌದ್ಧ, ನ್ಯಾಯ, ಸಾಂಖ್ಯ, ಜೈನ, ವೈಶೇಷಿಕ, ಮೀಮಾಂಸೆ, ಕೊನೆಗೆ ಅನುಬಂಧದಂತೆ ಲೋಕಾಯತ. ತನ್ನ ದರ್ಶನವನ್ನು ತುದಿಗೇರಿಸಲಿಲ್ಲ, ತಳಕ್ಕೂ ತಳ್ಳಲಿಲ್ಲ, ಸಾಲಿನ ನಡುವೆ ನಾಲ್ಕನೆಯದಾಗಿ ಇಟ್ಟ. ಸತ್ಯಕ್ಕೆ ಹಲವು ಮುಖ ಎನ್ನುವ ಅನೇಕಾಂತವಾದದ ಮನೆಯಿಂದ ಬಂದವನಿಗೆ ಇದು ಸಲ್ಲುವ ನಡೆ. ಮೂರು ಕಾಲಂ ಪುಟದ ಪೂರ್ವಜ ಯಾರು ಎಂದು ಹುಡುಕಿದರೆ ಹರಿಭದ್ರನೇ ಸಿಗುತ್ತಾನೆ. ಆದರೆ ವಾದ ಮಾಡುವುದನ್ನೇ ಜೀವನವಾಗಿ ಮಾಡಿಕೊಂಡ ವೇದಾಂತಗಳಿಗೆ ಅವನ ಪಂಕ್ತಿಯ ಮಾದರಿ ಹೊಂದುತ್ತದೆಯೇ ಎಂಬುದು ಬೇರೆ ಮಾತು.

ಯಾಕೆಂದರೆ ವೇದಾಂತದ ಭಾಷ್ಯ ಒಬ್ಬನ ಅಭಿಪ್ರಾಯಗಳ ಪಟ್ಟಿಯಲ್ಲ. ಬ್ರಹ್ಮಸೂತ್ರದ ಪ್ರತಿ ಅಧಿಕರಣಕ್ಕೂ, ಅಂದರೆ ಒಂದೊಂದು ಚರ್ಚೆಯ ಘಟಕಕ್ಕೂ, ಒಂದು ಕಟ್ಟು ಇದೆ: ವಿಷಯ, ಸಂಶಯ, ಪೂರ್ವಪಕ್ಷ, ಸಿದ್ಧಾಂತ, ಹಿಂದುಮುಂದಿನದರೊಡನೆ ಸಂಗತಿ. ಎದುರಾಳಿಯ ಮಾತನ್ನು ಅವನಿಗಿಂತ ಚೆನ್ನಾಗಿ ಹೇಳಿ, ಆಮೇಲೆ ಕೆಡವುವುದು ಒಳ್ಳೆಯ ಭಾಷ್ಯಕಾರನ ಲಕ್ಷಣ. ರಾಮಾನುಜರ ಶ್ರೀಭಾಷ್ಯದ ಮೊದಲ ಸೂತ್ರದಲ್ಲೇ ‘ಮಹಾಪೂರ್ವಪಕ್ಷ’ ಎಂದು ಹೆಸರಾದ ಭಾಗವಿದೆ. ಅದ್ವೈತದ ಇಡೀ ವಾದವನ್ನು ಅಲ್ಲಿ ಒಂದಾದಮೇಲೊಂದು ಶ್ರುತಿವಾಕ್ಯದೊಂದಿಗೆ, ಯುಕ್ತಿಯೊಂದಿಗೆ ಮಂಡಿಸಲಾಗಿದೆ. ಪ್ರಪಂಚ ಮಿಥ್ಯೆ, ನಿರ್ವಿಶೇಷ ಬ್ರಹ್ಮವೊಂದೇ ಸತ್ಯ ಎಂಬುದನ್ನು ರಾಮಾನುಜರ ಪುಸ್ತಕದಲ್ಲೇ ಪುಟಗಟ್ಟಲೆ ಓದಬಹುದು. ಅದರ ಹಿಂದೆಯೇ ‘ಮಹಾಸಿದ್ಧಾಂತ’ ಬಂದು ಅದನ್ನು ಖಂಡಿಸುತ್ತದೆ.

ಈ ಪುಟವನ್ನು ಯಾವ ಗುರುತೂ ಇಲ್ಲದೆ ಪ್ಯಾರಾ ಪ್ಯಾರಾ ಆಗಿ ವೆಬ್‌ಗೆ ಹಾಕಿದರೆ ಏನಾಗುತ್ತದೆ? ಸರ್ಚ್ ಎಂಜಿನ್ ನಡುವಿನ ಒಂದು ಪ್ಯಾರಾವನ್ನು ಎತ್ತಿ, ಮೇಲೆ ‘ಶ್ರೀಭಾಷ್ಯ’ ಎಂಬ ಶೀರ್ಷಿಕೆ ಹಾಕಿ, ರಾಮಾನುಜರು ಜಗನ್ಮಿಥ್ಯೆ ಬೋಧಿಸಿದರು ಎಂಬಂತೆ ತೋರಿಸುತ್ತದೆ. ಇನ್ಯಾರೋ ಅದರ ಸ್ಕ್ರೀನ್‌ಶಾಟ್ ಹಂಚುತ್ತಾರೆ. ಪಾಠಶಾಲೆಯಲ್ಲಿ ಕೂತವನಿಗೆ ಈ ಗೊಂದಲವಿಲ್ಲ. ಪೂರ್ವಪಕ್ಷ ಹೇಳುವಾಗ ಗುರುವಿನ ದನಿಯೇ ಬೇರೆ, ಸಿದ್ಧಾಂತಕ್ಕೆ ಬಂದಾಗ ಬೇರೆ. ಅಚ್ಚಿನಲ್ಲಿ ಸಂಪಾದಕರು ಪ್ಯಾರಾ ಒಡೆದು, ಅಂಚಿನಲ್ಲಿ ಗುರುತು ಹಾಕಿ ಈ ದನಿಯನ್ನು ಉಳಿಸಿಕೊಂಡರು. ವೆಬ್ ಪುಟದಲ್ಲಿ ಅದಕ್ಕೊಂದು ಘಟಕ ಬೇಕು: ಪೂರ್ವಪಕ್ಷದ ಪ್ರತಿ ಪ್ಯಾರಾದ ಮೇಲೂ ಇದು ಯಾರ ಮಾತು ಎಂಬ ಪಟ್ಟಿ, ಬೇರೆ ಹಿನ್ನೆಲೆ ಬಣ್ಣ, ಉತ್ತರ ಇರುವ ಜಾಗಕ್ಕೆ ಲಿಂಕ್. ಬಣ್ಣ ಹಚ್ಚುವುದೂ ಮತದ ಕೆಲಸವೇ ಎನ್ನುವುದನ್ನು ಕ್ರೈಸ್ತರ ಒಂದು ಉದಾಹರಣೆ ನೆನಪಿಸುತ್ತದೆ. 1899ರಲ್ಲಿ ನ್ಯೂಯಾರ್ಕಿನ ಪ್ರಕಾಶಕ ಲೂಯಿ ಕ್ಲಾಪ್ಷ್ ಹೊಸ ಒಡಂಬಡಿಕೆಯಲ್ಲಿ ಯೇಸುವಿನ ಮಾತುಗಳನ್ನು ಕೆಂಪು ಶಾಯಿಯಲ್ಲಿ ಅಚ್ಚು ಹಾಕಿಸಿದ. ಜನಪ್ರಿಯವಾಯಿತು. ಕಪ್ಪು ಅಕ್ಷರದ ಮಾತು ದೇವರದ್ದಲ್ಲವೇ ಎಂಬ ಆಕ್ಷೇಪವೂ ಜೊತೆಗೇ ಬಂತು.

ತುಲನಾತ್ಮಕ ಪುಟ ಹೇಗಿರಬೇಕು ಎಂಬುದಕ್ಕೆ ಒಂದು ಗಟ್ಟಿ ಮಾದರಿ ನಮ್ಮಲ್ಲೇ ಹುಟ್ಟಿತ್ತು. ವಿಜಯನಗರದಲ್ಲಿ ಕೃಷ್ಣದೇವರಾಯನ ಮನ್ನಣೆ ಪಡೆದಿದ್ದ ವ್ಯಾಸತೀರ್ಥರ ‘ತಾತ್ಪರ್ಯಚಂದ್ರಿಕಾ’ ಬ್ರಹ್ಮಸೂತ್ರದ ಅಧಿಕರಣಗಳನ್ನು ಎತ್ತಿಕೊಂಡು ಅದ್ವೈತದಲ್ಲಿ ಭಾಮತೀ, ವಿವರಣ ಪ್ರಸ್ಥಾನಗಳವರು ಏನು ಹೇಳುತ್ತಾರೆ, ರಾಮಾನುಜೀಯರು ಏನು ಹೇಳುತ್ತಾರೆ ಎಂದು ವಿವರವಾಗಿ ಮುಂದಿಟ್ಟು, ಪರೀಕ್ಷಿಸಿ, ಆಮೇಲೆ ಮಾಧ್ವ ಸಿದ್ಧಾಂತವನ್ನು ಸ್ಥಾಪಿಸುತ್ತದೆ. ಮೂರು ಮತವೂ ಒಂದೇ ಕಡೆ, ಆದರೆ ಅಕ್ಕಪಕ್ಕ ಸುಮ್ಮನೆ ಕೂತಿಲ್ಲ, ಪರಸ್ಪರ ಜಗಳವಾಡುತ್ತಿವೆ. ವ್ಯಾಸತೀರ್ಥರು ತಟಸ್ಥರೆಂದು ಯಾರೂ ಹೇಳಲಾರರು, ಅವರೂ ಹೇಳಿಕೊಂಡಿಲ್ಲ. ಓದುಗನಿಗೆ ತಾನು ಯಾರ ಮನೆಯಲ್ಲಿ ಕೂತು ಕೇಳುತ್ತಿದ್ದೇನೆ ಎಂಬುದು ಸ್ಪಷ್ಟ. ಟಿಕ್ ಹಾಕುವ ಚೌಕಗಳ ಪುಟಕ್ಕಿಂತ ಈ ಪಕ್ಷಪಾತಿಯ ಪುಟದಲ್ಲೇ ಎದುರು ಮತದವನಿಗೆ ಹೆಚ್ಚು ಗೌರವ ಸಿಕ್ಕಿದೆ ಎಂದರೆ ತಪ್ಪಾಗದು. ಅವನ ಮಾತಿಗೆ ಅಲ್ಲಿ ಉತ್ತರ ಸಿಗುತ್ತದೆ.

ಚಂದ್ರಿಕೆಯನ್ನು ವೆಬ್‌ಗೆ ತರುವ ಕಷ್ಟ ಬೇರೆ ತರಹದ್ದು. ಸೂತ್ರದ ಮೇಲೆ ಮಧ್ವಭಾಷ್ಯ, ಅದರ ಮೇಲೆ ಮಳಖೇಡದ ಜಯತೀರ್ಥರ ‘ತತ್ತ್ವಪ್ರಕಾಶಿಕಾ’, ಅದರ ಮೇಲೆ ಚಂದ್ರಿಕೆ, ಅದರ ಮೇಲೆ ರಾಘವೇಂದ್ರತೀರ್ಥರ ‘ಪ್ರಕಾಶ’. ಒಂದರೊಳಗೊಂದು ಐದು ಸ್ತರ. ವೆಬ್ ಡಿಸೈನರ್‌ಗಳ ಕೈಗೆ ತಕ್ಷಣ ಸಿಗುವ ಘಟಕ ಅಕಾರ್ಡಿಯನ್. ಶೀರ್ಷಿಕೆ ಒತ್ತಿದರೆ ಬಿಚ್ಚುತ್ತದೆ, ಮತ್ತೆ ಒತ್ತಿದರೆ ಮಡಚಿಕೊಳ್ಳುತ್ತದೆ. ಎರಡು ಮೂರು ಸ್ತರದವರೆಗೆ ಇದು ಸೊಗಸು. ಐದನೆಯದಕ್ಕೆ ಹೋಗುವಷ್ಟರಲ್ಲಿ ಎಡಗಡೆಯ ಖಾಲಿ ಜಾಗ ಬೆಳೆದು ಬೆಳೆದು ಮೊಬೈಲಿನಲ್ಲಿ ಒಂದು ಸಾಲಿಗೆ ಎರಡು ಸಂಸ್ಕೃತ ಪದವೂ ಹಿಡಿಯುವುದಿಲ್ಲ. ಸಮಾಸಪದವಾದರೆ ಒಂದೂ ಹಿಡಿಯುವುದಿಲ್ಲ. ಮಡಚಿದ ಭಾಗ ಪುಟವನ್ನು ಪ್ರಿಂಟ್ ಮಾಡಿದಾಗ ಕಾಗದದ ಮೇಲೆ ಬರುವುದೂ ಇಲ್ಲ. ಮೇಲಾಗಿ ವ್ಯಾಸತೀರ್ಥರ ಚಂದ್ರಿಕೆ ಎರಡನೆಯ ಅಧ್ಯಾಯಕ್ಕೆ ನಿಲ್ಲುತ್ತದೆ. ಉಳಿದದ್ದನ್ನು ರಘುನಾಥತೀರ್ಥರು ‘ಶೇಷಚಂದ್ರಿಕಾ’ ಎಂದು ಪೂರೈಸಿದರು. ನಾಲ್ಕನೆಯ ಸ್ತರದ ಹೆಸರುಫಲಕ ಅರ್ಧದಾರಿಯಲ್ಲಿ ಬದಲಾಗಬೇಕು.

ಪಾಠವನ್ನೂ ವ್ಯಾಖ್ಯಾನವನ್ನೂ ಒಂದೇ ಪುಟದಲ್ಲಿ ಹಿಡಿದಿಡುವ ಸಾಹಸಕ್ಕೆ ಜಗತ್ತಿನಲ್ಲಿ ಅತಿ ಪ್ರಸಿದ್ಧ ಉದಾಹರಣೆ ಯೆಹೂದಿಗಳ ಟಾಲ್ಮುಡ್. ನಡುವೆ ಮೂಲ, ಬೈಂಡಿಂಗ್ ಕಡೆಗೆ 11ನೇ ಶತಮಾನದ ಫ್ರಾನ್ಸಿನ ರಾಶಿಯ ವ್ಯಾಖ್ಯಾನ, ಹೊರ ಅಂಚಿನ ಕಡೆಗೆ ಅವನ ನಂತರದವರ ತೊಸಾಫೋತ್ ಟಿಪ್ಪಣಿಗಳು. ರಾಶಿಯನ್ನು ಹಲವೆಡೆ ಪ್ರಶ್ನಿಸುವವರು ಅವನ ಎದುರು ಅಂಚಿನಲ್ಲೇ ಕೂತಿರುತ್ತಾರೆ. ಈ ಪುಟವನ್ನು ಇಡೀ ಟಾಲ್ಮುಡ್‌ಗೆ ಸ್ಥಿರಗೊಳಿಸಿದವನು ವೆನಿಸಿನ ಮುದ್ರಕ ಡೇನಿಯಲ್ ಬಾಂಬರ್ಗ್, 1520–23ರಲ್ಲಿ. ಅವನು ಯೆಹೂದಿಯಲ್ಲ, ಆಂಟ್‌ವರ್ಪ್‌ನಿಂದ ಬಂದ ಕ್ರೈಸ್ತ! ಅವನ ಹಾಳೆಸಂಖ್ಯೆಯನ್ನೇ ಇಂದಿಗೂ ಬಹುತೇಕ ಎಲ್ಲ ಮುದ್ರಣಗಳೂ ಅನುಸರಿಸುತ್ತವೆ. 1923ರಲ್ಲಿ ರಬ್ಬಿ ಮೇಯರ್ ಶಪೀರೋ ದಿನಕ್ಕೊಂದು ಹಾಳೆಯನ್ನು ಜಗತ್ತಿನ ಯೆಹೂದಿಗಳೆಲ್ಲ ಒಟ್ಟಿಗೆ ಓದುವ ಪದ್ಧತಿ ಆರಂಭಿಸಿದ್ದು ಸಾಧ್ಯವಾದದ್ದೂ ಆ ಸಂಖ್ಯೆಯಿಂದಲೇ. ಒಟ್ಟು 2,711 ಹಾಳೆ, ಒಂದು ಸುತ್ತಿಗೆ ಸುಮಾರು ಏಳೂವರೆ ವರ್ಷ.

ಪುಟ ಪವಿತ್ರವಾಗಿಬಿಟ್ಟರೆ ಅದನ್ನು ಮುಟ್ಟುವವನಿಗೆ ಏನಾಗುತ್ತದೆ ಎಂಬುದೂ ಅಲ್ಲಿದೆ. 1965ರಿಂದ ಆದಿನ್ ಸ್ಟೈನ್‌ಸಾಲ್ಟ್ಸ್ ಹೊರತಂದ ಆವೃತ್ತಿಯಲ್ಲಿ ಸ್ವರಚಿಹ್ನೆ, ವಿರಾಮಚಿಹ್ನೆ ಸೇರಿಸಿ, ತಮ್ಮದೊಂದು ಸರಳ ವಿವರಣೆಗೆ ಪುಟದಲ್ಲೇ ಜಾಗ ಮಾಡಿ, ಹಳೆಯ ವಿನ್ಯಾಸವನ್ನು ಒಡೆದರು. ಸಾಮಾನ್ಯ ಓದುಗರು ಸಂತೋಷಪಟ್ಟರು. ಸಂಪ್ರದಾಯಸ್ಥರ ದೂರುಗಳಲ್ಲಿ ಪುಟದ ರೂಪ ಕೆಡಿಸಿದ್ದೂ ಒಂದು. ಮುಂದಿನ ಮುದ್ರಣಗಳಲ್ಲಿ ಹಳೆಯ ಪುಟವೂ ವಾಪಸು ಬಂತು. ಅವರ ಈ ಕೆಲಸವೇ ಈಗ ‘ಸೆಫಾರಿಯಾ’ ತಾಣದಲ್ಲಿ ಉಚಿತವಾಗಿ ಸಿಗುತ್ತದೆ. ಸೆಫಾರಿಯಾ ಬಾಂಬರ್ಗ್‌ನ ಪುಟವನ್ನು ಪರದೆಯ ಮೇಲೆ ಮರುಸೃಷ್ಟಿಸಲು ಹೋಗಲಿಲ್ಲ. ಮೂಲದ ಒಂದು ಸಾಲು ಮುಟ್ಟಿದರೆ ಬದಿಯಲ್ಲೊಂದು ಪಟ್ಟಿ ತೆರೆದುಕೊಂಡು ಆ ಸಾಲಿನ ಬಗ್ಗೆ ಮಾತಾಡಿದ ವ್ಯಾಖ್ಯಾನಗಳನ್ನೆಲ್ಲ ತೋರಿಸುತ್ತದೆ. ವಿಳಾಸ ಮಾತ್ರ ಬಾಂಬರ್ಗ್‌ನದೇ: ಇಂಥ ಹಾಳೆ, ಇಂಥ ಮಗ್ಗುಲು. ಹಾಳೆಯೇ ಇಲ್ಲದ ಕಡೆ ಹಾಳೆಯ ಸಂಖ್ಯೆ ಉಳಿದುಕೊಂಡಿದೆ. ಜಾಣತನದ ಆಯ್ಕೆ, ಆದರೆ ಇದರಲ್ಲಿ ಒಂದು ನಷ್ಟವುಂಟು. ಅಚ್ಚಿನ ಪುಟದಲ್ಲಿ ಬೇಡವೆಂದರೂ ಕಣ್ಣಿಗೆ ಬೀಳುತ್ತಿದ್ದ ಎದುರುವಾದ ಇಲ್ಲಿ ಕೇಳಿದರೆ ಮಾತ್ರ ಬರುತ್ತದೆ.

ಸಂಖ್ಯೆಗಳ ಬಗ್ಗೆ ದಾರ್ಶನಿಕ ಜಾನ್ ಲಾಕ್‌ಗೆ ತೀವ್ರ ಅಸಮಾಧಾನವಿತ್ತು. ಬೈಬಲ್ಲಿನ ಅಧ್ಯಾಯ ವಿಭಾಗ 13ನೇ ಶತಮಾನದ್ದು. ಹೊಸ ಒಡಂಬಡಿಕೆಯ ಈಗಿನ ವಚನಸಂಖ್ಯೆಗಳನ್ನು ಹಾಕಿದವನು ಮುದ್ರಕ ರಾಬರ್ಟ್ ಎಸ್ಟಿಯೆನ್, 1551ರಲ್ಲಿ. ಸಂತ ಪೌಲನ ಪತ್ರಗಳನ್ನು ಹೀಗೆ ತುಂಡು ತುಂಡು ಮಾಡಿದ್ದರಿಂದ ಓದುಗರು ಒಂದೊಂದು ತುಂಡನ್ನೂ ಸ್ವತಂತ್ರ ಸೂಕ್ತಿಯಂತೆ ಎತ್ತಿಕೊಳ್ಳುತ್ತಾರೆ, ವಾದದ ಎಳೆ ಕಡಿದುಹೋಗುತ್ತದೆ, ಪ್ರತಿ ಪಂಥವೂ ತನಗೆ ಬೇಕಾದ ತುಂಡನ್ನು ಆರಿಸಿಕೊಳ್ಳುತ್ತದೆ ಎಂದು ಅವನು ವಾದಿಸಿದ. ಆ ಪ್ರಬಂಧ ಅವನ ಸಾವಿನ ನಂತರ 1707ರಲ್ಲಿ ಪ್ರಕಟವಾಯಿತು. ‘ಇಂದಿನ ಶ್ಲೋಕ’ ಎಂಬ ಕಾರ್ಡು ದಿನವೂ ಫೋನಿಗೆ ಬಂದು ಬೀಳುವ ಈ ಕಾಲದಲ್ಲಿ ಲಾಕ್‌ನ ಮಾತು ಹಳತೆನಿಸುವುದಿಲ್ಲ. ಬ್ರಹ್ಮಸೂತ್ರದಲ್ಲಾದರೆ ಸಂಖ್ಯೆಯೇ ವಿವಾದದ ಭಾಗ. ಶಂಕರರ ಎಣಿಕೆಗೆ 555 ಸೂತ್ರ, ರಾಮಾನುಜರಿಗೆ 545, ಮಧ್ವರಿಗೆ 564. ಒಬ್ಬರು ಒಂದೆಂದು ಓದಿದ್ದನ್ನು ಇನ್ನೊಬ್ಬರು ಎರಡೆಂದು ಓದುತ್ತಾರೆ. ಒಂದು ಸೂತ್ರಕ್ಕೆ ಒಂದು ಪುಟ, ಒಂದು ಲಿಂಕ್ ಎಂದು ಹೊರಟ ಕ್ಷಣವೇ ತಾಣ ಯಾವುದಾದರೂ ಒಂದು ಮತವನ್ನು ಸೇರಿಬಿಟ್ಟಿರುತ್ತದೆ.

ವಚನಗಳಿಗೆ ಈ ತಾಪತ್ರಯ ಇಲ್ಲ ಎನ್ನಿಸಬಹುದು. ಅಲ್ಲಿ ಮೂಲವೇ ಕನ್ನಡ, ಸೂತ್ರವೂ ಇಲ್ಲ, ಭಾಷ್ಯದ ಗೋಜೂ ಅಷ್ಟಿಲ್ಲ. ಆದರೆ ತಾಳೆಗರಿಯಲ್ಲಿ ಒಂದೇ ಸಮ ಹರಿಯುತ್ತಿದ್ದ ವಚನವನ್ನು ಸಾಲು ಮುರಿದು ಕವಿತೆಯಂತೆ ಅಚ್ಚು ಮಾಡಬೇಕೋ ಗದ್ಯದಂತೆಯೋ ಎಂಬುದೇ ಮೊದಲ ತೀರ್ಮಾನ. ಇಂದು ನಾವು ಕಾಣುವ ಸಾಲುಗಳು ಸಂಪಾದಕರವು; ಮೊಬೈಲ್ ಪರದೆ ಅವನ್ನು ಮತ್ತೆ ತನಗೆ ತೋಚಿದಲ್ಲಿ ಮುರಿಯುತ್ತದೆ. ಎರಡನೆಯದು ಅಂಕಿತ. ಡೇಟಾಬೇಸಿನಲ್ಲಿ ‘ಕರ್ತೃ’ ಎಂಬ ಖಾನೆ ತುಂಬಲು ಮುಖ್ಯ ಆಧಾರ ಅದೇ. ಆ ಒಂದು ಅಂಗವನ್ನು ಮುಟ್ಟಿದರೆ ಏನಾಗುತ್ತದೆ ಎಂಬುದನ್ನು ನಾಡು ನೋಡಿದೆ. ಮಾತೆ ಮಹಾದೇವಿಯವರು ‘ವಚನ ದೀಪ್ತಿ’ಯಲ್ಲಿ ಬಸವಣ್ಣನವರ ಅಂಕಿತವನ್ನು ‘ಲಿಂಗದೇವ’ ಎಂದು ಬದಲಿಸಿದರು. 1998ರಲ್ಲಿ ಸರ್ಕಾರ ಆ ಪುಸ್ತಕವನ್ನು ನಿಷೇಧಿಸಿತು. 2017ರಲ್ಲಿ ಸುಪ್ರೀಂ ಕೋರ್ಟ್ ನಿಷೇಧವನ್ನು ಎತ್ತಿಹಿಡಿಯಿತು.

ಮೂರನೆಯದು ಜೋಡಣೆ, ಎಲ್ಲಕ್ಕಿಂತ ಜಟಿಲವಾದದ್ದು. ವಚನಗಳನ್ನು ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ ಎಂದು ಷಟ್‌ಸ್ಥಲಕ್ಕೆ ಹೊಂದಿಸಿದವರಿಗೆ ಅವು ಸಾಧನೆಯ ಏಣಿ. 1923ರಲ್ಲಿ ಫ.ಗು. ಹಳಕಟ್ಟಿಯವರು ‘ವಚನಶಾಸ್ತ್ರಸಾರ’ವನ್ನು ವಿಷಯವಾರಾಗಿ ಕಟ್ಟಿದಾಗ ಅವು ಒಂದು ಶಾಸ್ತ್ರವಾದವು. ಎಂ.ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದ ಹದಿನೈದು ಸಂಪುಟಗಳ ‘ಸಮಗ್ರ ವಚನ ಸಂಪುಟ’ ವಚನಕಾರರನ್ನು ಹಿಡಿದು ನಡೆಯಿತು. ‘ವಚನ ಸಂಚಯ’ ತಾಣದಲ್ಲಿ ಒಂದು ಪದ ಹುಡುಕಿದರೆ ಬೇರೆ ಬೇರೆ ಶರಣರ ವಚನಗಳು ಒಂದೇ ಪಟ್ಟಿಯಲ್ಲಿ ಬಂದು ನಿಲ್ಲುತ್ತವೆ. ಒಂದು ಪದ ಯಾರ ಬಾಯಲ್ಲಿ ಎಷ್ಟು ಸಲ ಬಂತು ಎಂದು ನೋಡುವ ಸಂಶೋಧಕನಿಗೆ ಇದಕ್ಕಿಂತ ದೊಡ್ಡ ವರವಿಲ್ಲ. ಏಣಿಯ ಮೆಟ್ಟಿಲುಗಳು ಮಾತ್ರ ಆ ಪಟ್ಟಿಯಲ್ಲಿ ಕಾಣುವುದಿಲ್ಲ.

ಇವೆಲ್ಲಕ್ಕಿಂತ ಹಿಂದೆಯೇ ವಚನಗಳನ್ನು ಜೋಡಿಸಿ ಬೇರೆಯದೇ ಕೃತಿ ಮಾಡಿದವರಿದ್ದರು. ‘ಶೂನ್ಯಸಂಪಾದನೆ’ ಬಿಡಿ ವಚನಗಳನ್ನು ಅಲ್ಲಮನ ಸುತ್ತ ಸಂವಾದವಾಗಿ ಹೆಣೆದ ಗ್ರಂಥ. ಶಿವಗಣಪ್ರಸಾದಿ ಮಹದೇವಯ್ಯ ಮೊದಲು ಮಾಡಿದ. ಆಮೇಲೆ ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣ್ಣೊಡೆಯ ಮತ್ತೆ ಮತ್ತೆ ಪರಿಷ್ಕರಿಸಿದರು. ಬಹುಪಾಲು ಸಾಮಗ್ರಿ ಅದೇ, ಜೋಡಣೆ ಬೇರೆ. ಅವರ ನಡುವಿನ ದೊಡ್ಡ ಭಿನ್ನಾಭಿಪ್ರಾಯ ಸೊನ್ನಲಿಗೆಯ ಸಿದ್ಧರಾಮನಿಗೆ ಇಷ್ಟಲಿಂಗ ದೀಕ್ಷೆ ಆಯಿತೇ ಇಲ್ಲವೇ ಎಂಬುದು. ದೀಕ್ಷೆ ಆಗಲೇಬೇಕೆಂದವರು ಅದಕ್ಕೊಂದು ಪ್ರಸಂಗ ಸೇರಿಸಿದರು. ಆ ಪ್ರಸಂಗವನ್ನು ನಿಲ್ಲಿಸಿರುವುದು ವಚನಗಳಷ್ಟೇ ಅಲ್ಲ, ಒಂದು ವಚನದಿಂದ ಇನ್ನೊಂದಕ್ಕೆ ದಾಟಿಸಲು ಸಂಪಾದಕರು ಬರೆದ ಗದ್ಯದ ಕೊಂಡಿಗಳು. ವಚನಕ್ಕೊಂದು ಸಾಲು, ಕರ್ತೃವಿಗೊಂದು ಖಾನೆ, ಅಂಕಿತಕ್ಕೊಂದು ಖಾನೆ ಎಂದು ಕಟ್ಟಿದ ಡೇಟಾಬೇಸಿನಲ್ಲಿ ಆ ಕೊಂಡಿಗಳಿಗೆ ಖಾನೆಯಿಲ್ಲ. ಶೂನ್ಯಸಂಪಾದನೆಯ ಒಂದೊಂದು ವಚನವೂ ಅಲ್ಲಿ ಸಿಗುತ್ತದೆ. ನಾಲ್ವರು ಯಾಕೆ ನಾಲ್ಕು ಸಲ ಬರೆದರು ಎಂಬ ಜಗಳ ಸಿಗುವುದಿಲ್ಲ. ಅದಕ್ಕೆ ನಾಲ್ಕೂ ಗ್ರಂಥಗಳನ್ನು ಅವವುಗಳ ಗದ್ಯದೊಂದಿಗೆ ಬೇರೆ ಬೇರೆ ಪುಟಗಳಾಗಿ ಇಟ್ಟು, ಸಿದ್ಧರಾಮನ ಪ್ರಸಂಗ ಬರುವ ಜಾಗಗಳನ್ನು ಒಂದಕ್ಕೊಂದು ಲಿಂಕ್ ಮಾಡಬೇಕಾಗುತ್ತದೆ.